ವಿಕಲಚೇತನ ಮಹಿಳೆಯರಿಗೆ ಯುಡಿಐಡಿ ಕಾರ್ಡ್: ಅರ್ಜಿಯಿಂದ ಪಿಂಚಣಿಯವರೆಗೆ, ಎಡವುವ ಜಾಗಗಳ ಸಮೇತ

ವಿಕಲಚೇತನ ಮಹಿಳೆಯರ ಕಾರ್ಡು, ಪಿಂಚಣಿಗಳ ಬಗ್ಗೆ ಓದುಗರು ಕೇಳುವುದು ತಿರುಗಿ ತಿರುಗಿ ಮೂರೇ ಪ್ರಶ್ನೆ. ಹಳೆಯ ಪ್ರಮಾಣಪತ್ರ ಇದೆಯಲ್ಲ, ಮತ್ತೆ ಕಾರ್ಡ್ ಏಕೆ? ಮದುವೆಯಾಗಿ ಊರು ಬದಲಾದ ಮೇಲೆ ಪಿಂಚಣಿ ನಿಂತಿದೆ, ಯಾರನ್ನು ಕೇಳಬೇಕು? ಗೃಹಲಕ್ಷ್ಮಿ ಬರುತ್ತಿದೆ, ಪಿಂಚಣಿಗೂ ಅರ್ಜಿ ಹಾಕಿದರೆ ಅದು ತಪ್ಪಿಹೋದೀತೇ? ಕೇಳುವವರಲ್ಲಿ ಹೆಚ್ಚಿನವರು ಅಣ್ಣ, ಅಪ್ಪ, ಗಂಡ. ಕಾರ್ಡ್ ಯಾರಿಗೆ ಬೇಕೋ ಅವರೇ ಕೇಳುವುದು ಅಪರೂಪ. ಆದ್ದರಿಂದ ಈ ಬರಹ ನೇರವಾಗಿ ಆಕೆಗೆ, ಅಂದರೆ ನಿಮಗೆ. ಮನೆಯವರು ಓದಿ ಹೇಳುವುದಾದರೆ ಒಂದು ಸಾಲನ್ನೂ ಬಿಡದೆ ಓದಲಿ. ಅವರಿಗೂ ಮೂರು ಮಾತು ಇದೆ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ಚಿಕ್ಕದಾಗಿ ನೋಡೋಣ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ 4ನೇ ಕಲಂ ಪ್ರಕಾರ, ವಿಕಲಚೇತನ ಮಹಿಳೆಯರು ಮತ್ತು ಮಕ್ಕಳು ಇತರರಿಗೆ ಸಮನಾಗಿ ಹಕ್ಕುಗಳನ್ನು ಅನುಭವಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. 24ನೇ ಕಲಂ ಮಹಿಳೆಯರ ಜೀವನೋಪಾಯಕ್ಕೂ ಅವರ ಮಕ್ಕಳ ಪಾಲನೆಗೂ ನೆರವು ಸಿಗಬೇಕೆನ್ನುತ್ತದೆ. 37ನೇ ಕಲಂ ಕೃಷಿ ಭೂಮಿ, ವಸತಿ ಹಂಚಿಕೆ ಮತ್ತು ಬಡತನ ನಿವಾರಣೆ ಯೋಜನೆಗಳಲ್ಲಿ ವಿಕಲಚೇತನರಿಗೆ ಶೇ 5 ಮೀಸಲಿಟ್ಟು, ಅದರೊಳಗೂ ಮಹಿಳೆಯರಿಗೆ ಆದ್ಯತೆ ಕೊಡಬೇಕೆನ್ನುತ್ತದೆ. ಬರೆದಿರುವುದು ಚೆನ್ನಾಗಿಯೇ ಇದೆ. ಆದರೆ ಇವುಗಳಲ್ಲಿ ಯಾವುದನ್ನು ಕೇಳಲು ಹೋದರೂ ಕಿಟಕಿಯ ಆಚೆಯಿಂದ ಬರುವ ಮೊದಲ ಪ್ರಶ್ನೆ ಒಂದೇ: ಯುಡಿಐಡಿ ಇದೆಯೇ?

ಯುಡಿಐಡಿ ಎಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಸಂಖ್ಯೆ. ದೇಶದಾದ್ಯಂತ ಮಾನ್ಯ. 2021ರ ಜೂನ್ 1ರಿಂದ ವೈಕಲ್ಯ ಪ್ರಮಾಣಪತ್ರವನ್ನು ಈ ಪೋರ್ಟಲ್ ಮೂಲಕವೇ ಕೊಡಬೇಕೆಂಬ ನಿಯಮವಿದೆ. 2023ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ವಿಕಲಚೇತನರ ಯೋಜನೆಗಳಿಗೆ ಯುಡಿಐಡಿ ಸಂಖ್ಯೆಯನ್ನೋ ಕನಿಷ್ಠ ನೋಂದಣಿ ಸಂಖ್ಯೆಯನ್ನೋ ಕೊಡುವುದು ಕಡ್ಡಾಯ. ಕೈಬರಹದ ಹಳೆಯ ಪ್ರಮಾಣಪತ್ರ ಸಾಲದೇ ಎಂಬ ಪ್ರಶ್ನೆಗೆ ಇದೇ ಉತ್ತರ. ಅದನ್ನು ಎಸೆಯಬೇಡಿ, ಅರ್ಜಿಯ ಜೊತೆ ಅದನ್ನೇ ಲಗತ್ತಿಸಬೇಕು.

1. ನೀವು ಪಟ್ಟಿಯಲ್ಲಿದ್ದೀರಾ, ನೋಡಿಕೊಳ್ಳಿ

1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21 ಇವೆ. ಕಾಲು, ಕಣ್ಣು, ಕಿವಿಯ ತೊಂದರೆಗಳ ಜೊತೆಗೆ ಆ್ಯಸಿಡ್ ದಾಳಿಗೆ ಒಳಗಾದವರು, ಕುಬ್ಜತೆ, ಕುಷ್ಠದಿಂದ ಗುಣವಾದವರು, ಮಾನಸಿಕ ಕಾಯಿಲೆ, ಕಲಿಕಾ ನ್ಯೂನತೆ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿವೆ. ಹೊರಗೆ ಕಾಣದ ತೊಂದರೆ ಇರುವ ಹೆಣ್ಣುಮಕ್ಕಳೇ ಹೆಚ್ಚಾಗಿ ಹಿಂದೆ ಉಳಿಯುವುದು. ‘ಸುಸ್ತು’, ‘ಮಂಕು’, ‘ಸ್ವಲ್ಪ ನಿಧಾನ’ ಎಂಬ ಮಾತುಗಳಲ್ಲಿ ವರ್ಷಗಳು ಕಳೆದುಹೋಗುತ್ತವೆ. ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು ಪ್ರಮಾಣಪತ್ರವನ್ನೇ ಮಾಡಿಸದ ಮನೆಗಳೂ ಬೇಕಾದಷ್ಟಿವೆ. ಮನೆಯವರಿಗೆ ಹೇಳಬೇಕಾದ ಮೊದಲ ಮಾತು ಇದು: ಮುಚ್ಚಿಟ್ಟರೆ ಕಾಯಿಲೆ ಹೋಗುವುದಿಲ್ಲ, ಹೋಗುವುದು ಸೌಲಭ್ಯ.

ಸೌಲಭ್ಯಗಳಲ್ಲಿ ಹೆಚ್ಚಿನವಕ್ಕೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಬೇಕು. ಕಾಯ್ದೆಯ ಭಾಷೆಯಲ್ಲಿ ಇದು ಬೆಂಚ್‌ಮಾರ್ಕ್ ವೈಕಲ್ಯ. ಶೇಕಡಾವಾರನ್ನು ನಿಗದಿ ಮಾಡುವುದು ವೈದ್ಯರು. ‘ನನ್ನದು ಅಷ್ಟಾಗಲಿಕ್ಕಿಲ್ಲ’ ಎಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ.

2. ಕಾಗದಪತ್ರಗಳು: ಹೆಸರು ಒಂದೇ ಇರಲಿ

ಬೇಕಾದವು ಹೆಚ್ಚೇನಿಲ್ಲ: ಆಧಾರ್, ವಾಸಸ್ಥಳದ ದಾಖಲೆ, ಇತ್ತೀಚಿನ ಭಾವಚಿತ್ರ, ಹಳೆಯ ಪ್ರಮಾಣಪತ್ರ ಮತ್ತು ಚಿಕಿತ್ಸೆಯ ಚೀಟಿಗಳು.

ಮಹಿಳೆಯರ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ಓದಿ. ಆಧಾರ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಪಡಿತರ ಚೀಟಿಯಲ್ಲಿ ಗಂಡನ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಇನ್ನೇನೋ ಅಡ್ಡಹೆಸರು. ಮೂರೂ ನೀವೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅರ್ಜಿ ಹಾಕುವ ಮೊದಲೇ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರವನ್ನೂ ಹೋಲಿಸಿ. ಬೇರೆಯಿದ್ದರೆ ಆಧಾರ್‌ಗೆ ಹೊಂದುವಂತೆ ಉಳಿದ ಎರಡನ್ನು ತಿದ್ದಿಸುವುದು ಲೇಸು, ಏಕೆಂದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಹುಟ್ಟುಹೆಸರಿನಲ್ಲೇ ಎಲ್ಲ ದಾಖಲೆಗಳೂ ಇದ್ದರೆ ಹಾಗೆಯೇ ಬಿಡಿ.

ಹೆಸರು ಬಿಡಬಹುದು, ವಿಳಾಸ ಬಿಡುವಂತಿಲ್ಲ. ವೈದ್ಯಕೀಯ ಪರೀಕ್ಷೆಗೆ ಅರ್ಜಿ ಹೋಗುವುದು ನಿಮ್ಮ ವಾಸಸ್ಥಳದ ದಾಖಲೆಯಲ್ಲಿರುವ ಜಿಲ್ಲೆಗೆ. ತವರು ರಾಯಚೂರು, ಗಂಡನ ಮನೆ ತುಮಕೂರು, ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸ ಎಂದಾದರೆ ಪರೀಕ್ಷೆಗೆ ರಾಯಚೂರಿಗೇ ಓಡಬೇಕಾದೀತು. ನಿಮ್ಮ ಹೆಸರಿನಲ್ಲಿ ವಿಳಾಸದ ದಾಖಲೆ ಇಲ್ಲದಿದ್ದರೂ, ಕುಟುಂಬದ ಮುಖ್ಯಸ್ಥರ ಒಪ್ಪಿಗೆ ಮತ್ತು ಸಂಬಂಧ ತೋರಿಸುವ ದಾಖಲೆಯಿಂದ (ಮದುವೆ ನೋಂದಣಿ ಪತ್ರ, ಪಡಿತರ ಚೀಟಿ) ಆಧಾರ್ ವಿಳಾಸವನ್ನು ಬದಲಿಸಿಕೊಳ್ಳಬಹುದು.

ಬೆರಳಚ್ಚು ಮೂಡದವರು, ಬೆರಳಿಲ್ಲದವರು, ಕಣ್ಣಿನ ಪಾಪೆಯ ಚಿತ್ರ ಬಾರದವರು ಆಧಾರ್ ಸಿಗುವುದಿಲ್ಲವೆಂದು ವಾಪಸಾಗಬೇಡಿ. ಇಂತಹವರಿಗಾಗಿಯೇ ವಿನಾಯಿತಿಯ ನೋಂದಣಿ ಇದೆ. ಕೇಂದ್ರದವರಿಗೆ ‘ಬಯೊಮೆಟ್ರಿಕ್ ವಿನಾಯಿತಿ’ ಎಂದೇ ಹೇಳಿ.

3. ಅರ್ಜಿ, ಮತ್ತು ಆ ಹತ್ತು ಅಂಕಿ

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. ಮೊಬೈಲ್‌ನಲ್ಲಿ ನೀವೇ ತುಂಬಬಹುದು. ಆಗದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ವಿಆರ್‌ಡಬ್ಲ್ಯು ಎಂದು ಕರೆಯುವ ಇವರು ಸಾಮಾನ್ಯವಾಗಿ ಸ್ವತಃ ವಿಕಲಚೇತನರೇ ಆಗಿರುತ್ತಾರೆ, ಗೌರವಧನಕ್ಕೆ ದುಡಿಯುತ್ತಾರೆ, ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲಿ ಯಾವ ದಿನ ತಪಾಸಣೆ ಎಂಬುದು ಇವರಿಗೆ ಬಾಯಿಪಾಠ. ತಾಲ್ಲೂಕು ಮಟ್ಟದಲ್ಲಿ ಇರುವವರು ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ನಗರಗಳಲ್ಲಿ ಯುಆರ್‌ಡಬ್ಲ್ಯು.

ಅರ್ಜಿಗೆ ಸರ್ಕಾರಿ ಶುಲ್ಕವಿಲ್ಲ. ಸೈಬರ್ ಸೆಂಟರಿನವರು ತುಂಬಿಕೊಟ್ಟ ಶ್ರಮಕ್ಕೆ ಒಂದಷ್ಟು ಕೇಳಿದರೆ ಅದು ಬೇರೆ. ‘ಕಾರ್ಡ್ ಮಾಡಿಸಿಕೊಡುತ್ತೇನೆ, ಇಷ್ಟು ಶೇಕಡಾ ಹಾಕಿಸುತ್ತೇನೆ’ ಎಂದು ಸಾವಿರಗಳ ಲೆಕ್ಕ ಹೇಳುವವನು ಮಧ್ಯವರ್ತಿ. ದೂರವಿಡಿ.

ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಕೇಳುತ್ತದೆ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಅಲ್ಲಿ ನಿಮ್ಮ ಸಂಖ್ಯೆಯನ್ನೇ ಕೊಡಿ. ಅಣ್ಣನದ್ದಲ್ಲ, ಗಂಡನದ್ದಲ್ಲ, ಸೈಬರ್ ಸೆಂಟರಿನವನದ್ದಂತೂ ಅಲ್ಲವೇ ಅಲ್ಲ. ನೋಂದಣಿ ಸಂಖ್ಯೆ, ಆಸ್ಪತ್ರೆಯ ದಿನಾಂಕ, ಒಟಿಪಿ ಎಲ್ಲವೂ ಬರುವುದು ಆ ಸಂಖ್ಯೆಗೆ. ಅಣ್ಣ ಸಿಮ್ ಬದಲಿಸಿದ ದಿನ, ಗಂಡನ ಜೊತೆ ಮಾತು ನಿಂತ ದಿನ ನಿಮ್ಮ ಕಾರ್ಡ್ ನಿಮ್ಮ ಕೈತಪ್ಪುತ್ತದೆ. ಫೋನ್ ಇಲ್ಲದಿದ್ದರೆ ಒಂದು ಸಿಮ್ಮಾದರೂ ನಿಮ್ಮ ಹೆಸರಿನಲ್ಲಿ ಇರಲಿ, ಅದನ್ನು ಯಾವ ಹಳೆಯ ಫೋನಿಗೆ ಹಾಕಿಕೊಂಡರೂ ನಡೆಯುತ್ತದೆ. ಮನೆಯವರಿಗೆ ಎರಡನೆಯ ಮಾತೂ ಇದೇ.

ಅರ್ಜಿ ಮುಗಿದಾಗ ಬರುವ ನೋಂದಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಅರ್ಜಿ ಎಲ್ಲಿದೆ ಎಂದು ನೋಡಲು ಅದೇ ಆಧಾರ.

4. ಆಸ್ಪತ್ರೆಯ ದಿನ

ಪರೀಕ್ಷೆಗೆ ಜಿಲ್ಲಾಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಕರೆಯುತ್ತಾರೆ. ವೈಕಲ್ಯದ ಬಗೆಗೆ ತಕ್ಕಂತೆ ತಜ್ಞರು ಬೇರೆ. ಕಿವಿಯದ್ದಾದರೆ ಶ್ರವಣ ಪರೀಕ್ಷೆ, ಬೌದ್ಧಿಕ ವೈಕಲ್ಯವಾದರೆ ಮನಃಶಾಸ್ತ್ರಜ್ಞರ ಮಾಪನ. ಒಂದೇ ದಿನದಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಿ ಹೋದರೆ ನಿರಾಸೆಯಾಗುತ್ತದೆ. ನಿಮ್ಮ ಬಗೆಯ ತಜ್ಞರು ಯಾವ ವಾರ ಬರುತ್ತಾರೆ ಎಂದು ಮುಂಚೆಯೇ ವಿಆರ್‌ಡಬ್ಲ್ಯು ಮೂಲಕ ಕೇಳಿಕೊಂಡು ಹೊರಡಿ.

ಪುರುಷ ವೈದ್ಯರು ದೇಹ ಪರೀಕ್ಷೆ ಮಾಡುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂದು ಕೇಳುವುದು ರೋಗಿಯಾಗಿ ನಿಮ್ಮ ಹಕ್ಕು. ಸಂಕೋಚ ಬೇಡ.

ಇನ್ನೊಂದು ತಪ್ಪು ಹೆಣ್ಣುಮಕ್ಕಳೇ ಹೆಚ್ಚು ಮಾಡುತ್ತಾರೆ. ಬದುಕೆಲ್ಲ ‘ನನಗೇನೂ ಕಷ್ಟವಿಲ್ಲ’ ಎಂದು ತೋರಿಸಿಕೊಂಡು ಅಭ್ಯಾಸ. ವೈದ್ಯರೆದುರೂ ಅದೇ ಬಾಯಿಗೆ ಬರುತ್ತದೆ. ‘ಅಡುಗೆಯೆಲ್ಲ ನಾನೇ ಮಾಡುತ್ತೇನೆ ಡಾಕ್ಟರೇ’ ಎಂದಷ್ಟೇ ಹೇಳಿದರೆ ಅವರು ಅಷ್ಟನ್ನೇ ಬರೆದುಕೊಳ್ಳುತ್ತಾರೆ. ಮಾಡುವಾಗ ಎಷ್ಟು ಸಲ ಕೂರುತ್ತೀರಿ, ನೀರು ಯಾರು ಎತ್ತಿಕೊಡುತ್ತಾರೆ, ಬಚ್ಚಲಿಗೆ ಹೋಗಲು ಯಾರ ಆಸರೆ ಬೇಕು ಎಂಬುದನ್ನೂ ಹೇಳಿ. ಬಾಯಿ ಬಾರದವರು, ಕಿವಿ ಕೇಳದವರು ಬರೆದುಕೊಂಡು ಹೋಗಿ, ಅಥವಾ ಸನ್ನೆಭಾಷೆ ಬಲ್ಲವರನ್ನು ಕರೆದುಕೊಂಡು ಹೋಗಿ. ಜೊತೆಗೆ ಬಂದವರು ನಿಮ್ಮ ಪರವಾಗಿ ಉತ್ತರಿಸುತ್ತಲೇ ಇದ್ದರೆ ವೈದ್ಯರ ಮುಖ ನೋಡಿ ನೀವೇ ಹೇಳಿ.

5. ಕಾರ್ಡ್ ಬಂತು, ಬಣ್ಣವನ್ನಲ್ಲ, ಅಂಕಿಯನ್ನು ನೋಡಿ

2024ರ ತಿದ್ದುಪಡಿಯಂತೆ ಪ್ರಮಾಣಪತ್ರ ಕೊಡಲು 3 ತಿಂಗಳ ಕಾಲಾವಕಾಶವಿದೆ. ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಅದಕ್ಕೂ ಮೊದಲೇ ಪೋರ್ಟಲ್‌ನಿಂದ ಇಳಿಸಿಕೊಳ್ಳಬಹುದು. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಶೇ 40ರಿಂದ 80ರ ಒಳಗೆ ಹಳದಿ, ಶೇ 80 ಮತ್ತು ಮೇಲ್ಪಟ್ಟವರಿಗೆ ನೀಲಿ ಪಟ್ಟಿಯ ಕಾರ್ಡ್. ಪಿಂಚಣಿ ಕಚೇರಿಯವರು ನೋಡುವುದು ಬಣ್ಣವನ್ನಲ್ಲ, ಶೇಕಡಾವಾರನ್ನು. ರಾಜ್ಯದ ಪಿಂಚಣಿಯಲ್ಲಿ ಶೇ 75ರ ಗೆರೆ ದಾಟಿದವರಿಗೆ ಮೊತ್ತ ಹೆಚ್ಚು. ಹಳದಿ ಕಾರ್ಡಿನಲ್ಲೂ ಶೇ 76 ಇರಬಹುದು.

ಪ್ರಮಾಣಪತ್ರ ‘ಶಾಶ್ವತ’ವೋ ‘ತಾತ್ಕಾಲಿಕ’ವೋ ಎಂದು ನೋಡಿ. ತಾತ್ಕಾಲಿಕವಾದರೆ ಅವಧಿ ಮುಗಿಯುವ ದಿನಾಂಕ ಅದರಲ್ಲೇ ಇರುತ್ತದೆ. ಅದಕ್ಕೆ ಮೂರು ನಾಲ್ಕು ತಿಂಗಳ ಮೊದಲೇ ನವೀಕರಣಕ್ಕೆ ಹಾಕಿ, ಇಲ್ಲದಿದ್ದರೆ ಪಿಂಚಣಿಗೆ ಕತ್ತರಿ ಬೀಳಬಹುದು.

6. ಬ್ಯಾಂಕ್ ಖಾತೆ ಮತ್ತು ಪಿಂಚಣಿ

ರಾಜ್ಯದ ಮಾಸಿಕ ಪೋಷಣಾ ಭತ್ಯೆಗೆ, ಅಂದರೆ ವಿಕಲಚೇತನರ ಪಿಂಚಣಿಗೆ, ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಕಾರ್ಡ್, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕ ಬೇಕು. ಶೇ 40ರಿಂದಲೇ ಅರ್ಹತೆ. ಬಡತನ ರೇಖೆಗಿಂತ ಕೆಳಗಿರುವ, ಶೇ 80 ಅಥವಾ ಹೆಚ್ಚಿನ ವೈಕಲ್ಯವುಳ್ಳ 18ರಿಂದ 79 ವರ್ಷದವರಿಗೆ ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಯೋಜನೆಯ ಪಾಲು ತಿಂಗಳಿಗೆ ₹300. ದಶಕ ಕಳೆದರೂ ಕದಲದ ಮೊತ್ತವಿದು, ನಾಚಿಕೆಯಾಗಬೇಕಾದದ್ದು ಕೇಳುವವರಿಗಲ್ಲ.

ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಹಣ ಜಮೆಯಾಗುವುದು ಆಧಾರ್‌ಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸ್ವಸಹಾಯ ಸಂಘಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲೂ ಆಧಾರ್ ಜೋಡಿಸಿದ್ದರೆ ಪಿಂಚಣಿ ಅಲ್ಲಿಗೆ ಹೋಗುತ್ತಿರುತ್ತದೆ, ನೀವು ಇಲ್ಲಿ ಪುಸ್ತಕ ನೋಡಿ ‘ಬಂದಿಲ್ಲ’ ಎನ್ನುತ್ತಿರುತ್ತೀರಿ. ಮೊದಲು ಎಲ್ಲ ಖಾತೆಗಳನ್ನೂ ನೋಡಿ, ಆಮೇಲೆ ದೂರು.

ಕಣ್ಣು ಕಾಣದವರಿಗೆ ಚೆಕ್ ಪುಸ್ತಕ, ಎಟಿಎಂ ಕಾರ್ಡ್ ಕೊಡುವುದಿಲ್ಲ ಎನ್ನುವ ಶಾಖೆಗಳಿವೆ. ತಾರತಮ್ಯವಿಲ್ಲದೆ ಎಲ್ಲ ಸೇವೆಯನ್ನೂ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ; ಆ ಮಾತನ್ನೇ ಹೇಳಿ, ನಿರಾಕರಣೆಯನ್ನು ಬರೆದುಕೊಡಲು ಕೇಳಿ. ಮೊಬೈಲ್‌ನಲ್ಲಿ ಗುರುತು ದೃಢೀಕರಿಸುವಾಗ ‘ಕಣ್ಣು ಮಿಟುಕಿಸಿ’ ಎಂದು ಕೇಳುವ ಪದ್ಧತಿಯಿಂದ ಆ್ಯಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದವರು ಹೊರಗುಳಿಯುತ್ತಿದ್ದರು. ಇಂತಹ ಪ್ರಕ್ರಿಯೆಗಳನ್ನು ಬದಲಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಆದೇಶಿಸಿದೆ.

ಈಗ ಗೃಹಲಕ್ಷ್ಮಿ. ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುವವರಿಗೆ ಗೃಹಲಕ್ಷ್ಮಿಯ ₹2,000 ತಪ್ಪುವುದಿಲ್ಲ. ಅಲ್ಲಿ ಅಡ್ಡ ಬರುವುದು ಆಕೆಯೋ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ವ್ಯಾಪ್ತಿಯಲ್ಲಿರುವುದು. ಎರಡು ಪಿಂಚಣಿ ಮಾತ್ರ ಒಟ್ಟಿಗೆ ಸಿಗುವುದಿಲ್ಲ. ವಿಧವಾ ವೇತನ ಬರುತ್ತಿದ್ದರೆ ಯಾವುದು ಲಾಭವೋ ಅದನ್ನು ಆರಿಸಿಕೊಳ್ಳಬೇಕು. ಆದರೆ ಗೃಹಲಕ್ಷ್ಮಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಸೇರುತ್ತದೆ. ಅಣ್ಣ ಅತ್ತಿಗೆಯ ಮನೆಯಲ್ಲಿರುವ ಅವಿವಾಹಿತ ವಿಕಲಚೇತನ ಹೆಣ್ಣುಮಗಳು ಯಜಮಾನಿಯಾಗಿರುವುದು ಕಡಿಮೆ. ಅವಳ ಪಾಲಿಗೆ ಪಿಂಚಣಿಯೇ ಸ್ವಂತ ಹೆಸರಿನ ದುಡ್ಡು.

ಮದುವೆಯಿಂದ ಊರು ಬದಲಾಗಿ ಪಿಂಚಣಿ ನಿಂತಿದ್ದರೆ ಹೊಸ ಅರ್ಜಿ ಹಾಕಬೇಡಿ, ಆಧಾರ್ ಒಂದೇ ಆದ್ದರಿಂದ ಅದು ನಕಲಿ ಅರ್ಜಿಯಂತೆ ಕಾಣುತ್ತದೆ. ಹಳೆಯ ಮಂಜೂರಾತಿ ಆದೇಶದ ಪ್ರತಿ ಹಿಡಿದು ತಾಲ್ಲೂಕು ಕಚೇರಿಯಲ್ಲಿ ವರ್ಗಾವಣೆಗೆ ಕೇಳಿ.

7. ಕೇಳದಿದ್ದರೆ ಯಾರೂ ಹೇಳದ ಕೆಲವು ಸೌಲಭ್ಯಗಳು

ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಅದು ಈ ವರ್ಷ ಹೇಗೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳಿ. ದೃಷ್ಟಿ ಇಲ್ಲದ ತಾಯಂದಿರಿಗೆ ರಾಜ್ಯದ ಶಿಶುಪಾಲನಾ ಭತ್ಯೆ ಇದೆ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸ್ವಂತ ಉದ್ಯೋಗಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ವಿಶೇಷ ವರ್ಗದಲ್ಲಿ ವಿಕಲಚೇತನ ಮಹಿಳೆಯರೂ ಸೇರಿದ್ದಾರೆ. ಬಸ್ಸಿಗೆ ಶಕ್ತಿ ಯೋಜನೆ 2023ರ ಜೂನ್ 11ರಿಂದಲೇ ಇದೆ. ಟಿಕೆಟ್ ಉಚಿತವಾಯಿತು, ಬಸ್ಸಿನ ಮೆಟ್ಟಿಲು ಮಾತ್ರ ತಗ್ಗಲಿಲ್ಲ.

8. ಆಗುವುದಿಲ್ಲ ಎಂದರೆ

ಬಾಯಿಮಾತಿನ ‘ಆಗುವುದಿಲ್ಲ’ಕ್ಕೆ ಬೆಲೆಯಿಲ್ಲ. ಹಿಂಬರಹ ಕೇಳಿ. ಹಿಂಬರಹವೆಂದರೆ ಅರ್ಜಿಯನ್ನು ಏಕೆ ತಿರಸ್ಕರಿಸಲಾಗಿದೆ ಎಂದು ಕಚೇರಿ ಲಿಖಿತವಾಗಿ ಕೊಡುವ ಉತ್ತರ. ವೈಕಲ್ಯ ಪ್ರಮಾಣಪತ್ರವನ್ನು ನಿರಾಕರಿಸಿದರೂ ವೈದ್ಯಕೀಯ ಪ್ರಾಧಿಕಾರ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ಅದರ ಮೇಲೆ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ಅಡಿ ಮೇಲ್ಮನವಿ ಸಲ್ಲಿಸಬಹುದು. ಶೇಕಡಾವಾರು ಕಡಿಮೆಯಾಯಿತು ಎನಿಸಿದರೂ ದಾರಿ ಅದೇ.

ನಾಡಕಚೇರಿ ಅರ್ಜಿಗೆ ಸಕಾಲ ಸಂಖ್ಯೆಯ ಸ್ವೀಕೃತಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ ₹20ರಂತೆ, ಗರಿಷ್ಠ ₹500 ಪರಿಹಾರ ಕೇಳುವ ಹಕ್ಕಿದೆ. ದುಡ್ಡು ಚಿಕ್ಕದು, ಆದರೆ ಸಕಾಲ ಸಂಖ್ಯೆ ಇರುವ ಕಡತ ಬೇಗ ಅಲುಗಾಡುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಕಾರ್ಡ್ ಇಲ್ಲದೆಯೂ ಇರುವ ಹಕ್ಕುಗಳು

ಈ ಎರಡು ವಿಷಯಗಳನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ಒಂದು, ನಿಮ್ಮ ದೇಹ. ನಿಮ್ಮ ಮುಕ್ತ, ತಿಳಿವಳಿಕೆಯುಳ್ಳ ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಗೂ ನಿಮ್ಮನ್ನು ಒಳಪಡಿಸುವಂತಿಲ್ಲ, ಇದು ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಂ. ಮುಟ್ಟಿನ ಸಮಯದಲ್ಲಿ ನೋಡಿಕೊಳ್ಳುವುದು ಕಷ್ಟ ಎಂಬ ಕಾರಣಕ್ಕೆ ಬೌದ್ಧಿಕ ವೈಕಲ್ಯವಿರುವ ಮಗಳ ಗರ್ಭಕೋಶ ತೆಗೆಸುವ ಯೋಚನೆ ಮಾಡುವ ಹೆತ್ತವರಿಗೆ ಹೇಳುವ ಮೂರನೆಯ ಮಾತು ಇದು. ವಿಕಲಚೇತನ ಮಹಿಳೆಗೆ ಆಕೆಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ತೀವ್ರ ವೈಕಲ್ಯದ ಪ್ರಕರಣಗಳಲ್ಲಿ, ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಎರಡೂ ಇದ್ದಾಗ ಮಾತ್ರ ವಿನಾಯಿತಿ.

ಇನ್ನೊಂದು, ದೌರ್ಜನ್ಯ. ಲೈಂಗಿಕ ಅಪರಾಧ ಅಥವಾ ಆ್ಯಸಿಡ್ ದಾಳಿಗೆ ಒಳಗಾದ ವಿಕಲಚೇತನ ಮಹಿಳೆ ಠಾಣೆಯ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಪೊಲೀಸರೇ ಆಕೆಯ ಮನೆಗೋ ಆಕೆ ಹೇಳಿದ ಜಾಗಕ್ಕೋ ಬಂದು ದೂರು ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯಾಗಿರಬೇಕು, ಅನುವಾದಕರು ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು, ಎಲ್ಲವನ್ನೂ ವಿಡಿಯೊ ಮಾಡಿಕೊಳ್ಳಬೇಕು. ಇದಕ್ಕೆ ಯುಡಿಐಡಿ ತೋರಿಸಬೇಕಾಗಿಲ್ಲ. ತುರ್ತಾದರೆ 112, ಮಹಿಳಾ ಸಹಾಯವಾಣಿ 181. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆದುಕೊಳ್ಳಿ.